ಲಾನ್‌ನ್ಯಾಗ ನೆಲಕ್ಕ ಹತ್ತಿಕೊಂಡು ಹಬ್ಬೋ ಹಾಲಿನ ಕಸ: ನೆಲನೆಲ್ಲಿನೂ ಅಲ್ಲ, ಗೋಳಿ ಪಲ್ಯನೂ ಅಲ್ಲ

ಪ್ರಶ್ನೆ: ನಮಸ್ಕಾರ್ರಿ. ನಾವು ಧಾರವಾಡದ ಒಂದು ಹೊಸ ಲೇಔಟಿನ್ಯಾಗ ಹೋದ ವರ್ಷ ಮನಿ ಕಟ್ಟಿಸೀವಿ. ಮುಂದ ಸ್ವಲ್ಪ ಜಾಗಾ ಇತ್ತು ಅಂತ ನರ್ಸರಿಯಿಂದ ಮೆಕ್ಸಿಕನ್ ಗ್ರಾಸ್ ತಂದು ಲಾನ್ ಹಾಕಿಸೀವಿ. ಈ ಬ್ಯಾಸಗಿಯೊಳಗ ಹುಲ್ಲು ಅಲ್ಲಲ್ಲೆ ಒಣಗಿ, ಆ ಜಾಗಾದಾಗ ಒಂದು ಸಣ್ಣ ಗಿಡ ಎದ್ದೈತಿ. ಮ್ಯಾಲ ಬೆಳಿಯೂದ ಇಲ್ಲ, ನೆಲಕ್ಕ ಹತ್ತಿಕೊಂಡು ಸುತ್ತ ರಂಗೋಲಿ ಬಿಟ್ಟಂಗ ಹಬ್ಬತೈತಿ. ದಂಟು ಕೆಂಪಗ, ಎಲಿ ಭಾಳ ಸಣ್ಣು, ಮುರದ್ರ ಬಿಳಿ ಹಾಲು ಬರ್ತೈತಿ. ಮಾಲಿ ಇದು ಕಾಂಗ್ರೆಸ್ ಕಸದ ಮರಿ ಅಂತಾನ. ನಮ್ಮ ಅತ್ತಿಯವರು ಇದು ನೆಲನೆಲ್ಲಿ, ಕಾಮಣಿಗೆ ಔಷಧ, ಕೀಳಬ್ಯಾಡ್ರಿ ಅಂತಾರ. ಮಾವನವರದು ಹೋದ ತಿಂಗಳ ಲಿವರ್ ರಿಪೋರ್ಟ್ ಸ್ವಲ್ಪ ಹೆಚ್ಚು ಕಡಿಮಿ ಬಂದೈತಿ, ಹಂಗಾಗಿ ಇದರ ಕಷಾಯ ಮಾಡಿ ಕೊಡೂನು ಅಂತಾರ. ಬಾಜೂ ಮನಿಯವರು ಗೋಳಿ ಪಲ್ಯ ಅಂದ್ರು. ಡೆಂಗ್ಯೂ ಬಂದ್ರ ಈ ಹಾಲಿನ ಗಿಡ ಪ್ಲೇಟ್ಲೆಟ್ ಏರಿಸ್ತೈತಿ ಅಂತ ವಾಟ್ಸಾಪಿನ್ಯಾಗ ಬ್ಯಾರೆ ಬಂದೈತಿ. ನಾಲ್ಕು ವರ್ಷದ ಮಗಳು ಅಲ್ಲೇ ಆಡ್ತಾಳ, ಮೊನ್ನೆ ಕೈತುಂಬ ಹಾಲು ಹಚ್ಚಿಕೊಂಡಿದ್ಲು. ಇದು ಯಾವ ಗಿಡ, ವಿಷಾ ಏನು? ಕಿತ್ತರೂ ಮತ್ತ ಬರ್ತೈತಿ, ಯಾವ ಔಷಧ ಹೊಡಿಬೇಕು? ಒಬ್ಬರು ಉಪ್ಪು ಹಾಕ್ರಿ ಅಂದಾರ.

ಉತ್ತರ: ಮೊದಲು ಕಷಾಯದ ಮಾತು ಮುಗಿಸೋಣ, ಉಳದದ್ದಕ್ಕ ಆಮ್ಯಾಲ ಬರ್ತೀನಿ. ನಿಮ್ಮ ಮಾವನವರಿಗೆ ಈ ಗಿಡದ ಕಷಾಯ ಕೊಡಬ್ಯಾಡ್ರಿ. ಮುರದ್ರ ಬಿಳಿ ಹಾಲು ಬರ್ತೈತಿ ಅಂತ ನೀವ ಬರದೀರಿ, ಆ ಒಂದ ಮಾತಿಗೆ ಇದು ನೆಲನೆಲ್ಲಿ ಅಲ್ಲ ಅಂತ ಖಾತ್ರಿ ಹೇಳಬಹುದು, ಯಾಕಂದ್ರ ನೆಲನೆಲ್ಲಿ ಮುರದ್ರ ಹಾಲು ಬರೂದಿಲ್ಲ. ಗೋಳಿ ಪಲ್ಯ ಮುರದ್ರನೂ ಬರೂದಿಲ್ಲ, ಅದರಾಗ ತಿಳಿ ನೀರಿನಂಥ ಅಂಟು ರಸ ಅಷ್ಟ ಇರ್ತೈತಿ. ಕಾಂಗ್ರೆಸ್ ಕಸದಾಗೂ ಹಾಲಿಲ್ಲ. ಅಂದ್ರ ನಿಮ್ಮ ಮನಿಯೊಳಗ ಬಂದ ಮೂರೂ ಹೆಸರು ಒಂದ ಪರೀಕ್ಷಾದಾಗ ಬಿದ್ದುಹೋದವು.

ಹಂಗಾರ ಇದು ಯಾವುದು? ನೀವು ಹೇಳಿದ ಗುರುತು, ಕಳಿಸಿದ ಫೋಟೋ ಎರಡೂ ನೋಡಿದ್ರ ಇದು ಯೂಫೋರ್ಬಿಯಾ ಜಾತಿಯ ನೆಲಹಬ್ಬು ಗಿಡ, ಬಹಳ ಮಾಡಿ ಯೂಫೋರ್ಬಿಯಾ ಪ್ರಾಸ್ಟ್ರೇಟಾ. ಇದಕ್ಕ ಭಾಳ ಹತ್ತಿರದ್ದು ಯೂಫೋರ್ಬಿಯಾ ಥೈಮಿಫೋಲಿಯಾ, ನಮ್ಮ ಕಡೆ ಎರಡೂ ಒಂದ ಅಂಗಳದಾಗ ಸಿಗ್ತಾವ. ಇನ್ನೊಂದು ಸ್ವಲ್ಪ ದೊಡ್ಡ ಎಲಿದು, ಯೂಫೋರ್ಬಿಯಾ ಹಿರ್ಟಾ, ಕನ್ನಡದಾಗ ಅಚ್ಚೆಗಿಡ ಅಂತಾರ, ಅದೂ ಇದರ ಬಳಗದ್ದ. ಹೊಲದ ಬದುವಿಗೆ ಬೇಲಿ ಮಾಡ್ತಾರಲ್ಲ ಕಳ್ಳಿ, ಕುಂಡಲಿಯೊಳಗ ಇಡೋ ಕೆಂಪು ಹೂವಿನ ಮುಳ್ಳಿನ ಕ್ರೌನ್ ಆಫ್ ಥಾರ್ನ್ಸ್, ಡಿಸೆಂಬರಿನ್ಯಾಗ ಕೆಂಪಾಗೋ ಪಾಯಿನ್ಸೆಟಿಯಾ, ಇವೆಲ್ಲಾ ಯೂಫೋರ್ಬಿಯಾನ. ಕಳ್ಳಿ ಹಾಲು ಕಣ್ಣಿಗೆ ಬಿದ್ರ ಏನಾಗ್ತೈತಿ ಅಂತ ನಮ್ಮ ಹಳ್ಳಿ ಮಂದಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಈ ಸಣ್ಣ ಗಿಡದ ಹಾಲು ಅಷ್ಟು ಉಗ್ರ ಅಲ್ಲ, ಆದ್ರ ಅದ ವಂಶದ್ದು, ಅದನ್ನ ಮನಸಿನ್ಯಾಗ ಇಟ್ಕೊಂಡು ಮುಂದ ಓದ್ರಿ.

ನಾನು ಕಳೆಗಿಡಗಳ ಕೆಲಸದಾಗ ಇದ್ದವರಾದ್ರಿಂದ ಪ್ಲಾಸ್ಟಿಕ್ ಚೀಲದಾಗ ಬಾಡಿದ ಗಿಡ ಹಿಡಕೊಂಡು ಮಂದಿ ಬರೂದು ವರ್ಷಾ ಇದ್ದದ್ದ, ಮಳಿ ಶುರು ಆದ ಮ್ಯಾಲಂತೂ ಇನ್ನೂ ಹೆಚ್ಚು. ಅವರೊಳಗ ಬಹಳ ಮಂದಿ ಕೇಳೋದು ಇದನ್ನ ಹೆಂಗ ಸಾಯಸೋದು ಅಂತ. ನನಗ ಅದಕ್ಕಿಂತ ದೊಡ್ಡ ಚಿಂತಿ ಇದನ್ನ ಏನಂತ ತಿಳಕೊಂಡು ಅಡಗಿ ಮನಿಗೆ ಒಯ್ತಾರ ಅನ್ನೋದರದು. ಗಿಡ ಅಂಗಳದಾಗ ಇದ್ರ ಅಂಥಾ ದೊಡ್ಡ ಅಪಾಯ ಇಲ್ರಿ. ತಪ್ಪು ಹೆಸರಿನ್ಯಾಗ ಹೊಟ್ಟಿಯೊಳಗ ಹೋದ್ರ ತ್ರಾಸ. ನಮ್ಮ ಉತ್ತರ ಕರ್ನಾಟಕದಾಗ ಹೊಲದ ಪಲ್ಯ ತಿನ್ನೋ ರೂಢಿ ಭಾಳ ಚಂದದ್ದು. ಹಕ್ಕರಕಿ ರೊಟ್ಟಿ ಜೋಡಿ ಹಸಿದ ತಿಂತೀವಿ, ಕಿರಕಸಾಲಿ, ಗೋಳಿ, ರಾಜಗಿರಿ ಎಲ್ಲಾ ಬ್ಯಾಳಿ ಹಾಕಿ ಮಾಡ್ತೀವಿ. ಹಳ್ಳಿಯೊಳಗ ಕಸ ತಗಿಯೋ ಹೆಣ್ಮಕ್ಕಳು ಒಂದೊಂದನ್ನೂ ಕಣ್ಣು ಮುಚ್ಚಿ ಗುರುತು ಹಿಡಿತಾರ. ಆದ್ರ ಹೊಲ ಬಿಟ್ಟು ಪ್ಯಾಟಿಗೆ ಬಂದ ಒಂದು ತಲಿಮಾರಿನ ಮ್ಯಾಲ ಹೆಸರು ನೆನಪಿರ್ತಾವ, ಗುರುತು ಮರತಿರ್ತೀವಿ. ಅತ್ತಿಯವರು ಹೇಳಿದ್ದರಾಗ ನೆಲನೆಲ್ಲಿ ಕಾಮಣಿಗೆ ಕೊಡ್ತಾರ ಅನ್ನೋ ಮಾತು ಸುಳ್ಳಲ್ಲ, ಆ ರೂಢಿ ಐತಿ. ಅವರಿಗೆ ಗಿಡ ಅಷ್ಟ ತಪ್ಪೈತಿ. ಅವರ ಕೂಡ ಮಾತಾಡೋವಾಗ ಹಿಂಗ ಹೇಳಿದ್ರ ಅವರಿಗೂ ಬ್ಯಾಸರ ಆಗೂದಿಲ್ಲ ಅಂತ ನನಗ ಅನಸ್ತೈತಿ.

ಈಗ ಗುರುತು ಹಿಡಿಯೋದು ಹೆಂಗಂತ ಸ್ವಲ್ಪ ನಿಧಾನಕ್ಕ ಹೇಳ್ತೀನಿ, ಇದ ಎಲ್ಲಾದಕ್ಕೂ ಬುನಾದಿ. ಕೈಗೆ ಗ್ಲೌಸ್ ಹಾಕ್ಕೊಂಡು, ಇಲ್ಲಾ ಒಂದು ಪ್ಲಾಸ್ಟಿಕ್ ಚೀಲಾನ ಕೈಗೆ ಸುತ್ತಿಕೊಂಡು, ಒಂದು ಟೊಂಗಿ ಚಿವುಟ್ರಿ. ಎಳೀ ತುದಿ ಚಿವುಟ್ರಿ, ಯಾಕಂದ್ರ ಬಿರು ಬ್ಯಾಸಗಿಯೊಳಗ ಬಾಡಿದ ಹಳೇ ದಂಟಿನ್ಯಾಗ ಹಾಲು ಕಾಣಸ್ದ ಇರಬಹುದು, ಅಂಥ ಹೊತ್ತಿನ್ಯಾಗ ಹಾಲಿಲ್ಲ, ಹಂಗಾರ ನೆಲನೆಲ್ಲಿನ ಅಂತ ತಿಳಕೊಂಡುಬಿಡ್ತಾರ. ಮುಂಜಾನೆ, ನೀರು ಹಾಕಿದ ಮ್ಯಾಲ ನೋಡಿದ್ರ ಛಲೋ. ಮುರದ ಕೂಡಲೆ ಬಿಳಿ ಹನಿ ಉಬ್ಬಿ ಬರ್ತೈತಿ, ಸ್ವಲ್ಪ ಹೊತ್ತಿಗೆ ಅಂಟಂಟು ಆಗ್ತೈತಿ.

ಆಮ್ಯಾಲ ಎಲಿ ಹೆಂಗ ಕುಂತಾವ ನೋಡ್ರಿ. ನಿಮ್ಮ ಗಿಡದಾಗ ದಂಟಿನ ಎರಡೂ ಬದಿಗೆ ಎದುರುಬದರು ಜೋಡಿ ಜೋಡಿ ಎಲಿ ಇರ್ತಾವ, ಒಂದೊಂದು ಎಲಿ ಅಂದಾಜು 3ರಿಂದ 8 ಮಿಲಿಮೀಟರ್. ಎಲಿಯ ಬುಡ ಸರಿಯಾಗಿ ನೋಡಿದ್ರ ಒಂದು ಬದಿ ಅಗಲ, ಇನ್ನೊಂದು ಬದಿ ಸಣ್ಣು, ಓರೆ ಆಗಿರ್ತೈತಿ. ಈ ಓರೆ ಬುಡ ಈ ಗುಂಪಿನ ಒಂದು ಪಕ್ಕಾ ಗುರುತು. ನೆಲನೆಲ್ಲಿಯೊಳಗ ಹಂಗಿಲ್ಲ. ಅದರ ನಡುವಿನ ಕಾಂಡ ನೆಟ್ಟಗ ಮ್ಯಾಲ ಏಳ್ತೈತಿ, ಅದಕ್ಕ ಪಕ್ಕದ ಕಡ್ಡಿಗಳು ಬರ್ತಾವ, ಆ ಕಡ್ಡಿ ಮ್ಯಾಲ ಎಲಿ ಒಂದಾದ ಮ್ಯಾಲೊಂದು ಬಲಕ್ಕ ಎಡಕ್ಕ ಬರ್ತಾವ, ದೂರದಿಂದ ಹುಣಸಿ ಎಲಿ ಕಂಡಂಗ ಕಾಣ್ತೈತಿ. ಕಡ್ಡಿ ತಿರುವಿ ಹಾಕಿದ್ರ ಕೆಳಗ ಸಾಲಾಗಿ ಸಣ್ಣ ದುಂಡನ ಹಸರು ಕಾಯಿ ಜೋತಿರ್ತಾವ. ನೆಲನೆಲ್ಲಿ ಅಂತ ನಮ್ಮ ಕಡೆ ಕೀಳೋದರಾಗ ಹೆಚ್ಚಿಂದು ಫಿಲ್ಯಾಂಥಸ್ ಅಮಾರಸ್. ಇದೂ ಮೂಲಕ್ಕ ಅಮೆರಿಕ ಖಂಡದ ಕಡೆದ ಗಿಡ ಅಂತ ಸಸ್ಯಶಾಸ್ತ್ರದವರು ಹೇಳ್ತಾರ.

ಗೋಳಿ ಪಲ್ಯ, ಕೆಲವರು ಗೋಣಿ ಪಲ್ಯ ಅಂತಾರ, ಅದು ಪೋರ್ಚುಲಾಕಾ ಒಲೆರೇಸಿಯಾ. ಅದೂ ನೆಲಕ್ಕ ಹತ್ತಿ ಹಬ್ಬತೈತಿ, ಅದರ ದಂಟೂ ಕೆಂಪು, ಹಂಗಾಗಿ ಬಾಜೂ ಮನಿಯವರು ಅಂದದ್ದು ಆಶ್ಚರ್ಯ ಅಲ್ಲ. ಆದ್ರ ಗೋಳಿ ಎಲಿ ದಪ್ಪ, ರಸಭರಿತ, ನುಣುಪು, ಬೆರಳಿನ್ಯಾಗ ಒತ್ತಿದ್ರ ನೀರು ಬರ್ತೈತಿ. ದಂಟೂ ಮೆತ್ತಗ ದಪ್ಪ. ಬಿಸಲಿನ ಹೊತ್ತಿನ್ಯಾಗ ಸಣ್ಣ ಹಳದಿ ಹೂವು ಅರಳ್ತಾವ. ನಿಮ್ಮ ಗಿಡದ ಎಲಿ ತೆಳ್ಳಗ, ದಂಟು ದಾರದಷ್ಟು ಸಣ್ಣು. ಎರಡೂ ಒಂದ ಕಡೆ ಹೆಣಕೊಂಡು ಬೆಳಿತಾವ, ಗೋಳಿ ಕೀಳೋವಾಗ ಒಂದೆರಡು ಎಳಿ ಇದೂ ಸೇರಿಕೊಂಡು ಬರ್ತೈತಿ. ಅದಕ್ಕ ಗೋಳಿ ಪಲ್ಯ ಸೋಸೋವಾಗ ದಂಟು ಒಂದೊಂದಾಗಿ ಮುರದು ಸೋಸ್ರಿ, ಹಾಲು ಕಂಡದ್ದನ್ನ ಹೊರಗ ಒಗೀರಿ. ಮತ್ತ ರಸ್ತೆ ಬದಿ, ಔಷಧ ಹೊಡದ ಲಾನಿನ ಗೋಳಿ ತಿನ್ನಾಕ ಹೋಗಬ್ಯಾಡ್ರಿ. ಗೋಳಿಯೊಳಗ ಆಕ್ಸಲೇಟ್ ಜಾಸ್ತಿ, ಕಿಡ್ನಿ ಸ್ಟೋನ್ ಆದವರು ಅದನ್ನೂ ಕಡಿಮಿ ತಿನ್ನಬೇಕು.

ಕಾಂಗ್ರೆಸ್ ಕಸದ ಮಾತು ಸಣ್ಣದು. ಪಾರ್ಥೇನಿಯಂ ಸಣ್ಣದಿದ್ದಾಗ ಖರೇನ ನೆಲಕ್ಕ ಹತ್ತಿಕೊಂಡ ಇರ್ತೈತಿ, ಹಂಗಾಗಿ ಮಾಲಿ ಮೋಸ ಹೋಗಿರಬಹುದು. ಆದ್ರ ಅದರ ಎಲಿ ಗಾಜರಿ ಎಲಿ ಹಂಗ ಸೀಳಿರ್ತಾವ, ಉದ್ದನ್ನ ಇರ್ತಾವ, ಹಾಲಿಲ್ಲ. 1950ರ ದಶಕದಾಗ ಪುಣೆ ಕಡೆ ಮೊದಲು ಗಮನಕ್ಕ ಬಂದ ಆ ಕಸದ ಮ್ಯಾಲ ಬಿಡಾಕ ಅಂತ 1980ರ ದಶಕದಾಗ ಮೆಕ್ಸಿಕೋದಿಂದ ಒಂದು ಜೀರುಂಡಿ ತಂದ್ರು, ಅದು ಮಳಿಗಾಲದಾಗ ಎಲಿ ತಿಂದು ಹಾಕೋದು ನೀವೂ ನೋಡಿರ್ತೀರಿ. ನಿಮ್ಮ ಲಾನಿನ ಗಿಡ ಆ ಜೀರುಂಡಿಗೆ ಬೇಕಾದದ್ದಲ್ಲ. ಮುಳ್ಳಿನ ಕಾಯಿ ಬಿಡೋ ನೆಗ್ಗಿಲೂ ನೆಲಕ್ಕ ಹಬ್ಬತೈತಿ, ಆದ್ರ ಅದರ ಹಳದಿ ಹೂವು, ಮುಳ್ಳು ನೋಡಿದ್ರ ಯಾರೂ ತಪ್ಪೂದಿಲ್ಲ.

ಪ್ರಾಸ್ಟ್ರೇಟಾನೋ ಥೈಮಿಫೋಲಿಯಾನೋ ಅಂತ ತಿಳಿಬೇಕಂದ್ರ ಕಾಯಿ ನೋಡಬೇಕು, ಅದಕ್ಕ ಒಂದು ಹ್ಯಾಂಡ್ ಲೆನ್ಸ್ ಬೇಕು, ಮೊಬೈಲ್ ಕ್ಯಾಮೆರಾ ಜೂಮ್ ಮಾಡಿದ್ರೂ ಒಮ್ಮೊಮ್ಮೆ ಸಾಕಾಗ್ತೈತಿ. ಎಲಿ ಸಂದಿಯೊಳಗ ಕಾಣೋ ಸಣ್ಣ ಗುಲಾಬಿ ಚುಕ್ಕಿ ಹೂವು ಅಂತ ಅನಸ್ತೈತಿ, ಖರೇ ಅಂದ್ರ ಅದು ಒಂದು ಸಣ್ಣ ಬಟ್ಟಲು, ಅದರೊಳಗ ಒಂದು ಹೆಣ್ಣು ಹೂವು, ಅದರ ಸುತ್ತ ಬರೇ ಒಂದೊಂದು ಕೇಸರ ಇರೋ ಗಂಡು ಹೂವು. ಕಾಯಿ ಬಲಿತಂಗ ಬಟ್ಟಲಿನಿಂದ ಹೊರಗ ಬಂದು ಬಾಗತೈತಿ, ಮೂರು ಏಣು ಇರೋ ಕಾಯಿ, ಒಳಗ ಮೂರ ಬೀಜ. ಪ್ರಾಸ್ಟ್ರೇಟಾದ ಕಾಯಿಗೆ ಆ ಮೂರು ಏಣಿನ ಗುಂಟ ಅಷ್ಟ ಬಿಳಿ ರೋಮ ಇರ್ತಾವ, ನಡುವಿನ ಬದಿ ಬೋಳು. ಥೈಮಿಫೋಲಿಯಾದ ಕಾಯಿ ತುಂಬಾ ರೋಮ, ಮತ್ತ ಅದು ಬಟ್ಟಲಿನಿಂದ ಪೂರಾ ಹೊರಗ ಬರ್ದ ಬಟ್ಟಲಿನ ಒಂದು ಬದಿ ಸೀಳಿ ಕುಂತಿರ್ತೈತಿ. ನಿಮ್ಮ ಫೋಟೋದಾಗ ಏಣಿನ ಮ್ಯಾಲಿನ ರೋಮ ಕಂಡಂಗ ಆಗಿದ್ದಕ್ಕ ನಾನು ಪ್ರಾಸ್ಟ್ರೇಟಾ ಅಂದೆ. ಅಚ್ಚೆಗಿಡ ಗುರುತು ಸುಲಭ: ಎಲಿ ಒಂದರಿಂದ ನಾಲ್ಕು ಸೆಂಟಿಮೀಟರ್ ತನಕ ದೊಡ್ಡು, ಕೆಲವೊಮ್ಮೆ ನಡುವ ನೇರಳೆ ಮಚ್ಚಿ, ದಂಟಿನ ಮ್ಯಾಲ ಹಳದಿ ಕಂದು ರೋಮ, ಎಲಿ ಸಂದಿಯೊಳಗ ಹೂವು ಗುಂಡಗ ಗೊಂಚಲಾಗಿ ಕುಂತಿರ್ತಾವ. ಅದು ಸ್ವಲ್ಪ ತಲಿ ಎತ್ತಿ ಬೆಳಿತೈತಿ, ಹುಲ್ಲು ಕೊಯ್ಯೋ ಮಷಿನ್ ಓಡಾಡೋ ಲಾನಿನ್ಯಾಗ ಅದೂ ಮಲಕ್ಕೋತೈತಿ. ಇವು ಮೂರೂ ವೆಸ್ಟ್ ಇಂಡೀಸ್, ಅಮೆರಿಕದ ಬಿಸಿ ನಾಡಿನ ಮೂಲದವು. ನಿಮಗ ತಗಿಯೋ ರೀತಿ ಮೂರಕ್ಕೂ ಒಂದ.

ವಿಷಾ ಏನು ಅಂತ ಕೇಳೀರಿ. ಹಾಲಿನ್ಯಾಗ ಚರ್ಮಕ್ಕ, ಕಣ್ಣಿಗೆ ಕೆರಳಿಸೋ ರಸಾಯನ ಇರ್ತಾವ, ಅದು ಯೂಫೋರ್ಬಿಯಾ ಬಳಗದ ಗುಣ. ಎಲ್ಲಾರಿಗೂ ಒಂದ ರೀತಿ ಆಗೂದಿಲ್ಲ, ಕೆಲವರಿಗೆ ಏನೂ ಆಗೂದಿಲ್ಲ, ಕೆಲವರಿಗೆ ಕೆಂಪಗಾಗಿ ತುರಿಸ್ತೈತಿ, ಮಕ್ಕಳ ಚರ್ಮ ಎಳೇದು. ನಿಮ್ಮ ಮಗಳ ಕೈಗೆ ಹತ್ತಿದ್ದು ಸೋಪು ಹಚ್ಚಿ ತೊಳದಿದ್ರ, ಇಷ್ಟು ದಿನಕ್ಕ ಗುಳ್ಳಿ ತುರಿಕಿ ಏನೂ ಕಾಣಸಿಲ್ಲ ಅಂದ್ರ ಚಿಂತಿ ಬಿಡ್ರಿ. ನಾನು ಹೆಚ್ಚಿಗಿ ಅಂಜೋದು ಕಣ್ಣಿಗೆ. ಮಕ್ಕಳು ಹಾಲು ಹತ್ತಿದ ಕೈಲೆ ಕಣ್ಣು ತಿಕ್ಕೋತಾರ. ಹಂಗ ಆದ್ರ ತಣ್ಣನ ಸ್ವಚ್ಛ ನೀರು ಕಣ್ಣಿನ ಮ್ಯಾಲ ಹರಿಯಂಗ 15 ನಿಮಿಷ ಬಿಡ್ರಿ, ಕೂಸು ಅತ್ತರೂ ಬಿಡಬ್ಯಾಡ್ರಿ, ಅವತ್ತ ಕಣ್ಣಿನ ಡಾಕ್ಟರ್ ಕಡೆ ಹೋಗ್ರಿ. ಹಾಲು ಬಿದ್ದ ಕೂಡಲೆ ಬರೇ ಉರಿ ಇದ್ದು, ಕೆಲವು ತಾಸು ಆದ ಮ್ಯಾಲ ನೋವು ಹೆಚ್ಚಾಗಬಹುದು, ಅದಕ್ಕ ಉರಿ ಕಡಿಮಿ ಆತು ಅಂತ ಕುಂದರಬ್ಯಾಡ್ರಿ. ಔಡಲೆಣ್ಣಿ, ತಾಯಿ ಹಾಲು, ತುಪ್ಪ ಯಾವುದನ್ನೂ ಕಣ್ಣಿಗೆ ಹಾಕಬ್ಯಾಡ್ರಿ. ಬಾಯಿಗೆ ಒಂದೆರಡು ಎಲಿ ಹಾಕ್ಕೊಂಡಿದ್ರ ಉಗುಳಿಸಿ, ಬಾಯಿ ಮುಕ್ಕಳಿಸಿ, ನೀರು ಕುಡಸ್ರಿ, ಒತ್ತಾಯ ಮಾಡಿ ವಾಂತಿ ಮಾಡಿಸಬ್ಯಾಡ್ರಿ. ವಾಂತಿ ಭೇದಿ ಶುರು ಆದ್ರ, ಇಲ್ಲಾ ಬಾಯಿ ಬಾತುಕೊಂಡ್ರ, ಗಿಡದ ಒಂದು ಟೊಂಗಿ ಸಮೇತ ದವಾಖಾನಿಗೆ ಹೋಗ್ರಿ. ಅಂಗಳದಾಗ ಇದೊಂದು ಗಿಡ ಇದ್ರ ಮಕ್ಕಳನ್ನ ಒಳಗ ಕೂಡಿ ಹಾಕೋವಷ್ಟು ಅಪಾಯ ಇಲ್ಲ. ಆಡಲಿ. ಆಡಿ ಬಂದ ಮ್ಯಾಲ ಕೈ ತೊಳಸ್ರಿ, ಅಷ್ಟ.

ಈಗ ಔಷಧ ಅನ್ನೋ ಮಾತಿಗೆ ಬರೋಣ. ಈ ಗಿಡಗಳಿಗೆ ಔಷಧದ ಹೆಸರು ಐತಿ, ಅದನ್ನ ನಾನು ಅಲ್ಲಗಳಿಯೂದಿಲ್ಲ. ಆಯುರ್ವೇದದಾಗ ದುಗ್ಧಿಕಾ ಅಂತ ಬರೋದು ಇವ ಗಿಡ. ಪ್ರಾಸ್ಟ್ರೇಟಾದ ಸಾರ ತಗದು ಮೂಲವ್ಯಾಧಿಗೆ ಗುಳಿಗಿ ಮಾಡಿ ನಮ್ಮ ದೇಶದಾಗ ಮಾರ್ತಾರ, ಡಾಕ್ಟರ್ ಬರದೂ ಕೊಡ್ತಾರ. ಆದ್ರ ಗುಳಿಗಿಯೊಳಗ ಎಷ್ಟು ಸಾರ ಐತಿ ಅಂತ ಅಳತಿ ಇರ್ತೈತಿ, ಲಾನಿನಿಂದ ಕಿತ್ತ ಒಂದು ಹಿಡಿ ಗಿಡದಾಗ ಏನೈತಿ ಅಂತ ಯಾರು ಅಳದಾರ? ಬಾಣಂತಿಯರಿಗೆ ಹಾಲು ಹೆಚ್ಚಾಗಲಿ ಅಂತ ಅಚ್ಚೆಗಿಡ ಕೊಡೋ ರೂಢಿ ಕೆಲವು ಕಡೆ ಐತಿ, ಹಾಲು ಬರೋ ಗಿಡ ತಿಂದ್ರ ಹಾಲು ಬರ್ತೈತಿ ಅನ್ನೋ ನಂಬಿಕಿ ಅದು. ಬಾಣಂತಿ, ಬಸರಿ, ಸಣ್ಣ ಮಕ್ಕಳಿಗೆ ಇದನ್ನ ಕೊಡಲೇಬ್ಯಾಡ್ರಿ ಅಂತ ನಾನು ಕೈಮುಗದು ಕೇಳ್ತೀನಿ.

ಡೆಂಗ್ಯೂ ಮೆಸೇಜಿನ ಬೇರು ಎಲ್ಲೈತಿ ಅಂದ್ರ, ಫಿಲಿಪೈನ್ಸ್ ದೇಶದಾಗ ಅಚ್ಚೆಗಿಡಕ್ಕ ತವಾ-ತವಾ ಅಂತಾರ, ಅಲ್ಲಿ ಮಂದಿ ಡೆಂಗ್ಯೂ ಜ್ವರಕ್ಕ ಇದರ ಚಹಾ ಮಾಡಿ ಕುಡಿಯೋ ರೂಢಿ ಐತಿ. ಅದು ಅಲ್ಲಿಂದ ಫೋಟೋ ಬದಲಾಗ್ತಾ ಬದಲಾಗ್ತಾ ನಿಮ್ಮ ಗ್ರೂಪಿಗೆ ಬಂದೈತಿ. ಪ್ಲೇಟ್ಲೆಟ್ ಏರೋದು ಈ ಚಹಾದಿಂದ ಅಂತ ಪಕ್ಕಾ ಆಗಿಲ್ಲ. ಡೆಂಗ್ಯೂದಾಗ ಪ್ಲೇಟ್ಲೆಟ್ ಇಳಿದು, ರೋಗ ತಿರುಗಿದ ಮ್ಯಾಲ ಬಹಳ ಮಂದಿಗೆ ತಾನ ಏರ್ತಾವ, ಆ ಹೊತ್ತಿನ್ಯಾಗ ಏನ ಕುಡದಿದ್ರೂ ಅದರದ ಗುಣ ಅಂತ ಅನಸ್ತೈತಿ. ಹೊಟ್ಟಿ ನೋವು, ಮ್ಯಾಲಿಂದ ಮ್ಯಾಲ ವಾಂತಿ, ಒಸಡಿನ್ಯಾಗ ರಕ್ತ ಕಂಡ್ರ ಗಿಡ ಹುಡುಕ್ತಾ ಕುಂದರೋ ಹೊತ್ತಲ್ಲ ಅದು, ದವಾಖಾನಿಗೆ ಹೋಗೋ ಹೊತ್ತು.

ಮಾವನವರ ವಿಷಯದಾಗ ಇನ್ನೊಂದು ಮಾತು. ಖರೇ ನೆಲನೆಲ್ಲಿನ ಸಿಕ್ಕರೂ ಸದ್ಯಕ್ಕ ಬ್ಯಾಡ. ಕಾಮಣಿ ಅನ್ನೋದು ಒಂದ ರೋಗ ಅಲ್ಲ, ನೀರಿನಿಂದ ಬರೋ ಹೆಪಟೈಟಿಸ್ ಇರಬಹುದು, ಪಿತ್ತಕೋಶದ ಕಲ್ಲು ಇರಬಹುದು, ಮತ್ತೊಂದಿರಬಹುದು, ಕಾರಣ ಗೊತ್ತಾಗದ ಕೊಡೋ ಕಷಾಯ ಲಿವರಿಗೆ ಇನ್ನೊಂದು ಹೊರಿ. ರಿಪೋರ್ಟ್ ಹೆಚ್ಚು ಕಡಿಮಿ ಬಂದು ತಿಂಗಳಾತು ಅಂತೀರಿ, ತಿರುಗಿ ಟೆಸ್ಟ್ ಮಾಡಿಸಿ ಡಾಕ್ಟರಿಗೆ ತೋರಸ್ರಿ. ಈಗಾಗಲೇ ಯಾವುದರ ಕಷಾಯ ಕುಡಿತಿದ್ರ ಅದನ್ನೂ ಅವರ ಮುಂದ ಮುಚ್ಚಿಡಬ್ಯಾಡ್ರಿ.

ಇನ್ನ ಇದು ನಿಮ್ಮ ಲಾನಿಗೆ ಯಾಕ ಬಂತು ಅಂದ್ರ, ಹೊಸ ಲೇಔಟಿನ ಮನಿಗಳ ಕಥಿ ಹೆಚ್ಚು ಕಡಿಮಿ ಒಂದ. ಫೌಂಡೇಶನ್ ಮಣ್ಣು, ಗರಸು ತಂದು ಸುರಿತಾರ, ಜೆಸಿಬಿ ಓಡಾಡಿ ನೆಲ ದಮ್ಮಾಸು ಆಗಿರ್ತೈತಿ, ಅದರ ಮ್ಯಾಲ ಎರಡು ಇಂಚು ಕೆಂಪು ಮಣ್ಣು ಹರವಿ ಹುಲ್ಲಿನ ರೋಲ್ ಹಾಸ್ತಾರ. ಹುಲ್ಲಿನ ಬೇರು ಕೆಳಗ ಇಳಿಯಾಕ ಜಾಗಾ ಇಲ್ಲ, ಮಾರ್ಚ್ ಏಪ್ರಿಲ್ ಬಿಸಲಿಗೆ ಮೊದಲು ಅದ ಒಣಗ್ತೈತಿ. ರೋಲಿಗೂ ರೋಲಿಗೂ ನಡುವಿನ ಸಂದಿ, ಪೇವರ್ ಸಂದಿ, ಒಣಗಿದ ತ್ಯಾಪಿ, ಈ ಕಸಕ್ಕ ಬೇಕಾದದ್ದ ಅದು. ಬೀಜ ಎಲ್ಲಿಂದ ಬಂತು ಅಂದ್ರ ಬಹುತೇಕ ರೋಲಿನ ಜೋಡಿನ, ಇಲ್ಲಾ ಸರಿಯಾಗಿ ಕೊಳೀಲಾರದ ತಿಪ್ಪಿಗೊಬ್ಬರದ ಜೋಡಿ, ಇಲ್ಲಾ ನರ್ಸರಿ ಕುಂಡಲಿಯ ಮಣ್ಣಿನ್ಯಾಗ. ನಾನು ನರ್ಸರಿಗೆ ಹೋದ್ರ ಗಿಡ ನೋಡೋಕಿಂತ ಮೊದಲು ಕುಂಡಲಿಯ ಮಣ್ಣಿನ ಮ್ಯಾಲ ಏನೆದ್ದೈತಿ ಅಂತ ನೋಡ್ತೀನಿ, ಅಲ್ಲಿ ಈ ಹಾಲಿನ ಕಸ ಕಂಡ್ರ ಆ ಕುಂಡಲಿ ಅಲ್ಲೇ ಬಿಡ್ತೀನಿ.

ಈ ಗಿಡದ ಇನ್ನೊಂದು ಶಕ್ತಿ ಬಿಸಲು. ಕಬ್ಬು, ಜ್ವಾಳ, ಗೋವಿನಜ್ವಾಳ ಹೆಂಗ ಬಿರುಬಿಸಲಿನ್ಯಾಗೂ ಕಡಿಮಿ ನೀರಿನ್ಯಾಗ ಆಹಾರ ಮಾಡ್ಕೋತಾವ, ಸಿ4 ಅಂತೀವಿ, ಈ ನೆಲಹಬ್ಬು ಯೂಫೋರ್ಬಿಯಾಗಳೂ ಆ ಗುಂಪಿನವ. ನಿಮ್ಮ ಮೆಕ್ಸಿಕನ್ ಗ್ರಾಸ್, ನಮ್ಮ ಕರಿಕಿ, ಅವೂ ಸಿ4. ಅದಕ್ಕ ಹುಲ್ಲು ದಟ್ಟ ಇದ್ದಲ್ಲೆ ಈ ಕಸ ಸೋಲ್ತೈತಿ, ನೆಲ ಬರಿದಾದಲ್ಲೆ ಗೆಲ್ತೈತಿ. ಮೊಳಕಿ ಒಡದು ಸುಮಾರು ಒಂದು ಒಂದೂವರಿ ತಿಂಗಳಿಗೆ ಬೀಜ ಕಟ್ಟೋ ಗಿಡ ಇದು, ನೀರು ಸಿಕ್ಕರ ವರ್ಷದಾಗ ಹಲವು ಸಲ ಹುಟ್ಟಿ ಸಾಯ್ತೈತಿ, ಕಾಯಿ ಒಣಗಿದ ಮ್ಯಾಲ ಪಟ್ಟನ ಸಿಡಿದು ಬೀಜ ದೂರ ಹಾರ್ತಾವ. ಕಿತ್ತರೂ ಮತ್ತ ಬರ್ತೈತಿ ಅಂತೀರಲ್ಲ, ಕಿತ್ತ ಗಿಡ ತಿರುಗಿ ಚಿಗುರಿದ್ದಕ್ಕಿಂತ ಅದರ ಬೀಜ ಮೊದಲ ಬಿದ್ದಿದ್ದು ಹೆಚ್ಚು. ಬುಡ ಉಳದ್ರ ಚಿಗುರೋದೂ ಐತಿ.

ಅದಕ್ಕ ಕೀಳೋದರಾಗ ಎರಡು ಕಾಳಜಿ. ಸಂಜಿಮುಂದ ನೀರು ಹಾಕಿ, ಮರುದಿನ ಮುಂಜಾನೆ ನೆಲ ಮೆತ್ತಗಿದ್ದಾಗ ಕೀಳ್ರಿ. ಗಿಡ ಎಷ್ಟ ಅಗಲ ಹಬ್ಬಿದ್ರೂ ಎಲ್ಲಾ ಟೊಂಗಿ ಒಂದ ಬುಡಕ್ಕ ಬಂದು ಕೂಡ್ತಾವ, ಅಲ್ಲಿ ಒಂದು ತೆಳ್ಳನ ತಾಯಿಬೇರು ನೆಟ್ಟಗ ಕೆಳಗ ಹೋಗಿರ್ತೈತಿ. ಟೊಂಗಿ ಜಗ್ಗಿದ್ರ ಹರಿತೈತಿ, ಬುಡ ಹುಡುಕಿ ಖುರಪಿ ತುದಿ ಬೇರಿನ ಬಾಜೂ ಇಳಿಸಿ ಎತ್ತಬೇಕು. ಥೈಮಿಫೋಲಿಯಾ, ಇಂಥ ಇನ್ನ ಕೆಲವು ಗೆಣ್ಣಿನ್ಯಾಗೂ ಬೇರು ಬಿಡಬಹುದು, ಅದನ್ನೂ ನೋಡ್ಕೋರಿ. ಎರಡನೇದು, ಕಾಯಿ ಕಟ್ಟೋಕಿಂತ ಮೊದಲ ಕೀಳೋದು. ಕಾಯಿ ಬಂದಿದ್ರ ಕಿತ್ತದ್ದನ್ನ ಅಲ್ಲೇ ಗುಡ್ಡಿ ಹಾಕಬ್ಯಾಡ್ರಿ, ಒಣಗಿ ಅಲ್ಲೇ ಸಿಡಿತಾವ. ನೆಟ್ಟಗ ಚೀಲಕ್ಕ ಹಾಕಿ ಬಾಯಿ ಕಟ್ರಿ. ಮನಿ ಕಾಂಪೋಸ್ಟ್ ಡಬ್ಬಿಗೆ ಹಾಕಬ್ಯಾಡ್ರಿ, ಅದು ಬೀಜ ಸಾಯೋವಷ್ಟು ಬಿಸಿ ಆಗೂದಿಲ್ಲ. ಆಕಳಿಗೆ, ಆಡಿಗೆ ಹಾಕೋದೂ ಬ್ಯಾಡ. ಮೇಯೋವಾಗ ಒಂದೆರಡು ಬಾಯಿ ತಿಂದ್ರ ಬ್ಯಾರೆ, ಕಿತ್ತು ಬುಟ್ಟಿ ತುಂಬ ಒಯ್ದು ಹಾಕೋದು ಬ್ಯಾರೆ.

ಕೀಳೋ ಮಾಲಿಗೂ ಗ್ಲೌಸ್ ಕೊಡ್ರಿ. ಹುಲ್ಲು ಕೊಯ್ಯಾಕ ದಾರದ ಟ್ರಿಮರ್ ಬಳಸ್ತಿದ್ರ ಕನ್ನಡಕ ಹಾಕ್ಕೊಳ್ಳದ ಚಾಲೂ ಮಾಡಬ್ಯಾಡ ಅಂತ ಹೇಳ್ರಿ, ಅದು ಹಾಲಿನ ಹನಿ, ಹಳ್ಳು ಎರಡೂ ಮುಖಕ್ಕ ಸಿಡಸ್ತೈತಿ. ದಿನಗೂಲಿ ಮ್ಯಾಲ ಬರೋ ಮನಷ್ಯಾನ ಕಣ್ಣಿಗೆ ಏನರ ಆದ್ರ ಆ ಮನಿ ಹೆಂಗ ನಡಿಬೇಕು, ಇದನ್ನ ಲಾನ್ ಮಾಡ್ಸೋವ್ರು ಯಾರೂ ಲೆಕ್ಕಕ್ಕ ಹಿಡಿಯೂದಿಲ್ಲ, ನನಗ ಇದರ ಸಂಕಟ ಐತಿ.

ಬರೇ ಕಿತ್ತು ಬಿಟ್ರ ಮತ್ತ ಬರಿ ನೆಲ, ಮತ್ತ ಅದ ಕಸ. ಕಿತ್ತ ಜಾಗಾ ಗಾರ್ಡನ್ ಫೋರ್ಕಿನಿಂದ ಮೂರು ನಾಲ್ಕು ಇಂಚು ಚುಚ್ಚಿ ಸಡಿಲ ಮಾಡ್ರಿ, ಪೂರಾ ಕೊಳಿತ ಗೊಬ್ಬರ, ಉಸುಕು ಕಲಿಸಿ ತೆಳ್ಳಗ ಹರವ್ರಿ, ನಿಮ್ಮ ಲಾನಿನ ದಟ್ಟ ಇರೋ ಕಡೆಯಿಂದ ಹುಲ್ಲಿನ ಸಣ್ಣ ತುಣುಕು ತಗದು ಅಲ್ಲಿ ಊರ್ರಿ. ರೋಹಿಣಿ, ಮಿರಗ ಮಳಿ ಹತ್ತಿದ ಮ್ಯಾಲ ಊರಿದ್ರ ಲಗೂನ ಹಿಡಿತೈತಿ. ಮೆಕ್ಸಿಕನ್ ಗ್ರಾಸ್ ನೆಲಕ್ಕ ಹತ್ತಿ ಬೋಳ ಕತ್ತರಿಸೋದು ನಿಲ್ಲಸ್ರಿ, ಒಂದೂವರಿ ಇಂಚಿನಕಿಂತ ಕೆಳಗ ಇಳಿಸಬ್ಯಾಡ್ರಿ, ಒಮ್ಮೆಗೆ ಎತ್ತರದ ಮೂರರಾಗ ಒಂದು ಪಾಲಿಗಿಂತ ಹೆಚ್ಚು ಕೊಯ್ಯಬ್ಯಾಡ್ರಿ. ದಿನಾ ಸ್ವಲ್ಪ ಸ್ವಲ್ಪ ನೀರು ಚುಮುಕಿಸೋದು ಮ್ಯಾಲಿನ ಬೀಜ ಎಬ್ಬಿಸಾಕ ಹೇಳಿ ಮಾಡಿಸಿದ್ದು. ನೀರು ಹಾಕೋ ದಿನ ಕೆಳಗ ಇಳಿಯಂಗ ಹಾಕಿ, ನಡುವ ಒಂದೆರಡು ದಿನ ಬಿಡ್ರಿ. ಹೂವಿನ ಪಾತಿಯೊಳಗ ಎರಡು ಮೂರು ಇಂಚು ಒಣ ಎಲಿ ಇಲ್ಲಾ ತೆಂಗಿನ ನಾರು ಹೊದಸ್ರಿ, ಈ ಬೀಜ ಭಾಳ ಸಣ್ಣು, ಅಷ್ಟು ಆಳದಿಂದ ಎದ್ದು ಬರೋ ತಾಕತ್ತು ಅದಕ್ಕಿಲ್ಲ.

ಕಳೆನಾಶಕದ ಬಗ್ಗೆ ನನ್ನ ಅಭಿಪ್ರಾಯ, ನಿಮ್ಮಷ್ಟು ಸಣ್ಣ ಲಾನಿಗೆ, ಅದೂ ಕೂಸು ಆಡೋ ಲಾನಿಗೆ ಬ್ಯಾಡ. ಅಂಗಡಿಯವರು ಕೊಡೋದು ಯಾವುದು, ಅದರಿಂದ ಏನಾಗ್ತೈತಿ ಅಂತ ಮಾತ್ರ ಹೇಳ್ತೀನಿ. ಗ್ಲೈಫೋಸೇಟ್ ಹೊಡದ್ರ ಕಸದ ಜೋಡಿ ಹುಲ್ಲೂ ಹೋಗ್ತೈತಿ, ಮತ್ತ 2022ರ ಅಕ್ಟೋಬರಿನ್ಯಾಗ ಕೇಂದ್ರ ಸರ್ಕಾರ ಅದನ್ನ ಕೀಟ ನಿಯಂತ್ರಣದ ಲೈಸೆನ್ಸ್ ಇದ್ದವರ ಹೊರತು ಬ್ಯಾರೆಯವರು ಬಳಸಬಾರದು ಅಂತ ಆದೇಶ ಹೊರಡಿಸಿತ್ತು. 2,4-ಡಿ ಅಗಲ ಎಲಿ ಕಸಕ್ಕ ಹೊಡಿಯೋದು, ಎಳೀ ಗಿಡಕ್ಕ ನಾಟತೈತಿ, ಬಲಿತು ಹಬ್ಬಿದ್ದಕ್ಕ ಅರ್ಧಮರ್ಧ. ಅದರ ಹನಿ ಗಾಳಿಗೆ ಹಾರಿದ್ರ ನಿಮ್ಮ ಗುಲಾಬಿ, ದಾಸವಾಳ, ಬಾಜೂ ಮನಿ ಟೊಮ್ಯಾಟೊ, ಲೇಔಟ್ ದಾಟಿದ ಹೊಲದಾಗಿನ ಹತ್ತಿ ಎಲಿ ಮುರುಟಿ ಹೋಗ್ತಾವ, ಹತ್ತಿಗಂತೂ ಅದು ಸ್ವಲ್ಪ ತಾಗಿದ್ರೂ ಆಗಿಬರೂದಿಲ್ಲ. ಪೆಂಡಿಮೆಥಾಲಿನ್ ಅನ್ನೋದು ಮೊಳಕಿ ತಡಿಯೋದು, ಎದ್ದು ನಿಂತ ಗಿಡಕ್ಕ ಏನೂ ಮಾಡೂದಿಲ್ಲ, ಹೊಸದಾಗಿ ಊರಿದ ಹುಲ್ಲಿನ ಬೇರಿಗೂ ತೊಂದ್ರಿ, ನೆಲದ ಫರಸಿಗೆ ಹಳದಿ ಕಲಿ ಬೀಳ್ತೈತಿ. ಈ ಡಬ್ಬಿಗಳ ಲೇಬಲ್ ಮ್ಯಾಲ ಬರದಿರೋದು ಹೊಲದ ಬೆಳಿಗೆ, ಮನಿ ಮುಂದಿನ ಲಾನಿಗಲ್ಲ. ದೊಡ್ಡ ಮೈದಾನ, ಕಾಲೇಜಿನ ಗ್ರೌಂಡ್ ಇದ್ದವರ ಮಾತು ಬ್ಯಾರೆ, ಅವರು ಕೃಷಿ ವಿಶ್ವವಿದ್ಯಾಲಯದ ಕಳೆ ವಿಭಾಗದವರನ್ನ ಕೇಳಿಕೊಂಡ ಮುಂದುವರಿಬೇಕು.

ಉಪ್ಪು ಮಾತ್ರ ಖಂಡಿತ ಹಾಕಬ್ಯಾಡ್ರಿ. ಅದು ಕಸಾ ಕೊಲ್ತೈತಿ, ಹುಲ್ಲನ್ನೂ ಕೊಲ್ತೈತಿ, ಮಣ್ಣಿನ್ಯಾಗ ಉಳಕೋತೈತಿ. ಹುಬ್ಬಳ್ಳಿ, ನವಲಗುಂದ, ಗದಗ ಕಡೆಯ ಎರಿ ಮಣ್ಣಿಗೆ ಸೋಡಿಯಂ ಸೇರಿದ್ರ ಮಣ್ಣಿನ ಕಣ ಬಿಚ್ಚಿಕೊಂಡು ನೀರು ಇಂಗೂದ ಬಂದ್ ಆಗ್ತೈತಿ, ಸವಳು ನೆಲದ ತ್ರಾಸ ಆ ಭಾಗದ ರೈತರನ್ನ ಕೇಳ್ರಿ. ನಿಮ್ಮದು ಮಸಾರಿ ಮಣ್ಣಾಗಿದ್ರೂ ಬ್ಯಾಡ. ಡೀಸೆಲ್, ಟಾಯ್ಲೆಟ್ ಆಸಿಡ್ ಸುರಿಯೋರೂ ಅದಾರ, ಅದೂ ಬ್ಯಾಡ. ಪೇವರ್ ಸಂದಿಯೊಳಗಿನ ಕಸಕ್ಕ ಕುದಿಯೋ ನೀರು ಹಾಕಬಹುದು, ಕೂಸು ಹತ್ತಿರ ಇಲ್ಲದ ಹೊತ್ತು ನೋಡಿ, ಹುಲ್ಲಿಗೆ ಹತ್ತದಂಗ.

ಈ ಮಳಿಗಾಲ ಪೂರ್ತಿ, ಜೂನಿನಿಂದ ಅಕ್ಟೋಬರ್ ತನಕ, ಎರಡು ಮೂರು ವಾರಕ್ಕೊಮ್ಮೆ ಲಾನ್ ಸುತ್ತಿ ಸಣ್ಣ ಸಸಿ ಇದ್ದಾಗ ಎತ್ತಿ ಹಾಕ್ರಿ, ಆಗ ಹಾಲೂ ಕಡಿಮಿ, ಬೇರೂ ಸಣ್ಣು, ಕೆಲಸ ಅರ್ಧ ತಾಸಿಂದು. ಮಣ್ಣಿನ್ಯಾಗ ಹಳೇ ಬೀಜ ಇದ್ದ ಇರ್ತಾವ, ಮುಂದಿನ ವರ್ಷನೂ ಏಳ್ತಾವ, ಆದ್ರ ಹುಲ್ಲು ಕೂಡಿಕೊಂಡಂಗ ಕಡಿಮಿ ಆಗ್ತಾ ಬರ್ತಾವ. ಈ ಕೆಲಸದಾಗ ಅತ್ತಿಯವರನ್ನ ಜೋಡಿ ಕರಕೊಳ್ರಿ, ಅವರಿಗೆ ಖರೇ ನೆಲನೆಲ್ಲಿ ಒಂದು ಪಾತಿಯೊಳಗ ತೋರಿಸಿ ಎರಡನ್ನೂ ಬಾಜೂಬಾಜೂ ಇಟ್ಟು ಮುರದು ನೋಡಾಕ ಹೇಳ್ರಿ. ಇನ್ನೂ ಅನುಮಾನ ಇದ್ರ ಫೋಟೋ ಮತ್ತ ಕಳಸ್ರಿ, ಒಂದು ಪೂರ್ತಿ ಗಿಡದ್ದು ಮ್ಯಾಲಿಂದ ತಗದದ್ದು, ಒಂದು ಟೊಂಗಿಯ ಕೆಳಗಿನ ಬದಿದು, ಇನ್ನೊಂದು ಕಾಯಿಯದು ಎಷ್ಟು ಹತ್ತಿರಕ್ಕ ಬರ್ತೈತೋ ಅಷ್ಟು ಹತ್ತಿರದ್ದು, ಬಾಜೂ ಒಂದು ಸ್ಕೇಲ್ ಇಟ್ಟು.